ದರಕ್ಕೆ ಆಕ್ಷೇಪಣೆ ಕೇಳುವಂತೆ ದರ ನಿಗದಿ ಮಾಡುವವರ ನೇಮಕಕ್ಕೂ ಕೇಳಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ವಿದ್ಯುತ್ ದರ ಪರಿಷ್ಕರಣೆಯ ಕಾಲ ಬಂದಾಗಲೆಲ್ಲ ತಮ್ಮ ಪತ್ರಿಕೆಯೂ ಸೇರಿದಂತೆ ಹಲವು ಪತ್ರಿಕೆಗಳ ಒಳಪುಟದಲ್ಲಿ ಒಂದು ಸಾರ್ವಜನಿಕ ಪ್ರಕಟಣೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುತ್ತದೆ. ಮುಂದಿನ ಸಾಲಿಗೆ ನಮಗೆ ಇಷ್ಟು ಕೋಟಿ ಆದಾಯ ಬೇಕು, ಈಗಿನ ದರದಲ್ಲಿ ಇಷ್ಟು ಕೊರತೆ ಬೀಳುತ್ತದೆ, ಆದ್ದರಿಂದ ಯೂನಿಟ್‌ಗೆ ಇಷ್ಟು ಪೈಸೆ ಹೆಚ್ಚಿಸಲು ಅನುಮತಿ ಕೊಡಬೇಕು ಎಂದು ವಿದ್ಯುತ್ ಸರಬರಾಜು ಕಂಪನಿಯು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಸಲ್ಲಿಸಿದ ಅರ್ಜಿಯ ಸಾರಾಂಶ ಅದು. ಗ್ರಾಹಕರು ಅರ್ಜಿಯ ಪ್ರತಿ ಪಡೆದು ನಿಗದಿತ ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು ಎಂಬ ಸಾಲು ಅದರ ಕೊನೆಯಲ್ಲಿರುತ್ತದೆ. ಇದು ಕಂಪನಿಯ ಔದಾರ್ಯದಿಂದ ಬಂದ ಸಾಲಲ್ಲ; 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಸೆಕ್ಷನ್ನಿನ ಪ್ರಕಾರ ಅರ್ಜಿಯನ್ನು ಪ್ರಕಟಿಸಲೇಬೇಕು, ಸಾರ್ವಜನಿಕರಿಂದ ಬಂದ ಸಲಹೆ ಮತ್ತು ಆಕ್ಷೇಪಣೆಗಳನ್ನು ಪರಿಗಣಿಸಿ ಆಯೋಗವು 120 ದಿನಗಳೊಳಗೆ ಆದೇಶ ಹೊರಡಿಸಲೇಬೇಕು.

ಹೀಗೆ ಯೂನಿಟ್ಟಿಗೆ ಕೆಲವು ಪೈಸೆ ಏರಿಸುವ ಮುನ್ನ ನಮ್ಮ ಅಭಿಪ್ರಾಯ ಕೇಳುವ ವ್ಯವಸ್ಥೆ, ಆ ಪೈಸೆಯನ್ನು ನಿರ್ಧರಿಸುವ ಅಧ್ಯಕ್ಷರನ್ನೂ ಸದಸ್ಯರನ್ನೂ ಆಯ್ಕೆ ಮಾಡುವಾಗ ನಮ್ಮನ್ನು ಏನೊಂದೂ ಕೇಳುವುದಿಲ್ಲ. ಅವರ ಹೆಸರು ನಮಗೆ ತಿಳಿಯುವುದು ಪ್ರಮಾಣವಚನದ ಫೋಟೊ ಪತ್ರಿಕೆಯಲ್ಲಿ ಬಂದ ದಿನ. ಈ ಪತ್ರ ಬರೆಯಲು ಅದೇ ಕಾರಣ.

ನಾನು ಹಾಸನ ಜಿಲ್ಲೆಯ ತಾಲ್ಲೂಕು ಪಂಚಾಯಿತಿ ಕಚೇರಿಗಳಲ್ಲಿ ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತನಾದವನು. ನಮ್ಮಣ್ಣನಿಗೆ ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆ ನಾಲ್ಕು ಎಕರೆ ರೊಬಸ್ಟಾ ತೋಟವಿದೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೂವಿಗೆ ಸ್ಪ್ರಿಂಕ್ಲರ್ ನೀರು ಕೊಡುವ ಆ ಕೆಲವೇ ದಿನಗಳಲ್ಲಿ ಕರೆಂಟು ಕೈಕೊಟ್ಟರೆ ವರ್ಷದ ಫಸಲಿಗೇ ಪೆಟ್ಟು ಬೀಳುತ್ತದೆ ಎಂಬುದು ತೋಟದವರಿಗೆಲ್ಲ ಗೊತ್ತು. ಕಾಫಿ ತೋಟದ ಪಂಪ್‌ಸೆಟ್ಟಿಗೆ ದರ ಪಟ್ಟಿಯಲ್ಲಿ ಬೇರೆಯೇ ವರ್ಗವಿದೆ. ಆ ವರ್ಗದ ದರ ಮತ್ತು ಪೂರೈಕೆಯ ಸಮಯದ ಬಗ್ಗೆ ಎರಡು ಪುಟದ ಆಕ್ಷೇಪಣೆ ಬರೆದು, ಕೆಲವು ವರ್ಷಗಳ ಹಿಂದೆ ಮೈಸೂರಿನಲ್ಲಿ ನಡೆದ ಸಾರ್ವಜನಿಕ ವಿಚಾರಣೆಗೆ ನಾನೇ ಹೋಗಿದ್ದೆ. ಹಾಸನ ಜಿಲ್ಲೆ ಸೆಸ್ಕ್ ಎಂಬ ವಿದ್ಯುತ್ ಸರಬರಾಜು ಕಂಪನಿಯ ವ್ಯಾಪ್ತಿಯಲ್ಲಿರುವುದರಿಂದ ನಮಗೆ ಮೈಸೂರು. ಪಕ್ಕದ ಚಿಕ್ಕಮಗಳೂರಿನವರು ಮೆಸ್ಕಾಂ ವ್ಯಾಪ್ತಿಯವರಾದ್ದರಿಂದ ಅವರು ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು.

ಅಂದು ಸಭಾಂಗಣದಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯ ರೈತರೊಬ್ಬರು ಹಳೆಯ ಬಿಲ್ಲುಗಳನ್ನೆಲ್ಲ ತಿಂಗಳವಾರು ಜೋಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಎದೆಗೊತ್ತಿ ಹಿಡಿದುಕೊಂಡಿದ್ದರು. ತಮ್ಮ ಸರದಿ ಬಂದಾಗ ಕವರ್ ಬಿಚ್ಚದೆಯೇ ಐದು ನಿಮಿಷ ಬಾಯಿಪಾಠವಾಗಿ ಲೆಕ್ಕ ಒಪ್ಪಿಸಿದರು. ವೇದಿಕೆಯ ಮೇಲಿದ್ದವರು ಸಾವಧಾನದಿಂದ ಕೇಳಿಸಿಕೊಂಡರು, ಬರೆದುಕೊಂಡರು. ಆ ಬಗ್ಗೆ ನನ್ನ ದೂರೇನೂ ಇಲ್ಲ. ಸಂಜೆ ಹಾಸನದ ಬಸ್ಸು ಹತ್ತಿದಾಗ ಅದೇ ರೈತರು ನನ್ನ ಸೀಟಿನಲ್ಲೇ ಬಂದು ಕೂತು, ಹೊಳೆನರಸೀಪುರ ದಾಟುವ ಹೊತ್ತಿಗೆ, "ಮೇಲೆ ಕೂತಿದ್ರಲ್ಲ ಸಾರ್, ಅವರು ಯಾರು? ಜಡ್ಜುಗಳಾ, ಇಲ್ಲ ಕರೆಂಟ್ ಆಫೀಸಿನೋರಾ? ಅವರನ್ನ ಅಲ್ಲಿ ಕೂರಿಸಿದೋರು ಯಾರು?" ಎಂದು ಕೇಳಿದರು. ಮೂವತ್ತು ವರ್ಷ ಸರ್ಕಾರಿ ಕಡತ ನೋಡಿದ ನನಗೆ ಆ ಮೂರನೆಯ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡಲು ಆಗಲಿಲ್ಲ. ಊರಿಗೆ ಬಂದ ಮೇಲೆ ಕಾಯ್ದೆಯ ಪ್ರತಿ ತರಿಸಿ ಓದಿದೆ.

ಓದಿದಾಗ ಕಂಡದ್ದನ್ನು ಓದುಗರ ಮುಂದಿಡುತ್ತೇನೆ. ರಾಜ್ಯ ಆಯೋಗದಲ್ಲಿ ಅಧ್ಯಕ್ಷರೂ ಸೇರಿ ಹೆಚ್ಚೆಂದರೆ ಮೂವರು. ಎಂಜಿನಿಯರಿಂಗ್, ಹಣಕಾಸು, ವಾಣಿಜ್ಯ, ಅರ್ಥಶಾಸ್ತ್ರ, ಕಾನೂನು ಅಥವಾ ಆಡಳಿತ ನಿರ್ವಹಣೆಯಲ್ಲಿ ಸಾಕಷ್ಟು ತಿಳಿವಳಿಕೆ ಇರುವ, ಸಾಮರ್ಥ್ಯ ಮತ್ತು ಪ್ರಾಮಾಣಿಕತೆ ಉಳ್ಳ ವ್ಯಕ್ತಿಗಳಾಗಿರಬೇಕು. ಅವರನ್ನು ಆರಿಸಲು 85ನೇ ಸೆಕ್ಷನ್ನಿನಡಿ ಮೂವರ ಆಯ್ಕೆ ಸಮಿತಿ ಇರುತ್ತದೆ: ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯೊಬ್ಬರು ಅಧ್ಯಕ್ಷರು, ರಾಜ್ಯದ ಮುಖ್ಯ ಕಾರ್ಯದರ್ಶಿ ಒಬ್ಬ ಸದಸ್ಯರು, ಕೇಂದ್ರ ವಿದ್ಯುತ್ ಪ್ರಾಧಿಕಾರದ ಅಥವಾ ಕೇಂದ್ರ ನಿಯಂತ್ರಣ ಆಯೋಗದ ಅಧ್ಯಕ್ಷರು ಇನ್ನೊಬ್ಬ ಸದಸ್ಯರು. ಸಮಿತಿಯು ಪ್ರತಿ ಹುದ್ದೆಗೆ ಎರಡು ಹೆಸರುಗಳನ್ನು ಸೂಚಿಸಬೇಕು, ಆ ವ್ಯಕ್ತಿಗಳಿಗೆ ತಮ್ಮ ಕರ್ತವ್ಯಕ್ಕೆ ಅಡ್ಡಬರುವಂಥ ಹಣಕಾಸಿನ ಅಥವಾ ಬೇರೆ ಹಿತಾಸಕ್ತಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸರ್ಕಾರ ಎರಡರಲ್ಲಿ ಒಂದನ್ನು ಆರಿಸುತ್ತದೆ. ಅವಧಿ ಐದು ವರ್ಷ, ವಯಸ್ಸಿನ ಮಿತಿ 65, ಅದೇ ಹುದ್ದೆಗೆ ಮರುನೇಮಕ ಇಲ್ಲ, ಬಿಟ್ಟ ಮೇಲೆ ಎರಡು ವರ್ಷ ವಾಣಿಜ್ಯ ಸಂಸ್ಥೆಗಳ ಕೆಲಸಕ್ಕೆ ಸೇರುವಂತಿಲ್ಲ. ಅಧಿಕಾರದಲ್ಲಿರುವಾಗ ಸರ್ಕಾರ ಮನಬಂದಂತೆ ಕಿತ್ತುಹಾಕಲೂ ಆಗದು. ನಿರ್ದಿಷ್ಟ ಕಾರಣಗಳಿರಬೇಕು, ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಯ ಅಧ್ಯಕ್ಷರು ವಿಚಾರಣೆ ನಡೆಸಬೇಕು.

ಬರಹದಲ್ಲಿ ಇದು ಒಳ್ಳೆಯ ಕಾನೂನೇ. ಇದನ್ನು ರಚಿಸಿದವರು ಸ್ವತಂತ್ರ ಆಯೋಗದ ಅಗತ್ಯವನ್ನು ಅರಿತೇ ರಚಿಸಿದ್ದಾರೆ. ಹುದ್ದೆ ಖಾಲಿಯಾಗುವ ಆರು ತಿಂಗಳ ಮೊದಲೇ ಸರ್ಕಾರ ಸಮಿತಿಗೆ ಕಡತ ಕಳಿಸಬೇಕು, ಸಮಿತಿ ಮೂರು ತಿಂಗಳಲ್ಲಿ ಆಯ್ಕೆ ಮುಗಿಸಬೇಕು ಎಂದೂ ಅದರಲ್ಲಿದೆ. ನಿವೃತ್ತಿಯ ದಿನಾಂಕ ನೇಮಕವಾದ ದಿನವೇ ಗೊತ್ತಿರುವಾಗ, ನಿಯಂತ್ರಣ ಸಂಸ್ಥೆಯೊಂದರ ಮುಖ್ಯಸ್ಥರ ಕುರ್ಚಿ ಒಂದು ದಿನವೂ ಖಾಲಿ ಇರಬೇಕಾದ ಅಥವಾ ಪ್ರಭಾರದಲ್ಲಿ ನಡೆಯಬೇಕಾದ ಅಗತ್ಯವಿಲ್ಲ. ಆದರೆ ಇಷ್ಟೆಲ್ಲ ಬರೆದ ಕಾಯ್ದೆ ಒಂದು ವಿಷಯದಲ್ಲಿ ಮೌನವಾಗಿದೆ. ಎಷ್ಟು ಜನ ಅರ್ಜಿ ಹಾಕಿದರು, ಯಾರ ಹೆಸರು ಅಂತಿಮ ಪಟ್ಟಿಗೆ ಬಂತು, ಯಾವ ಕಾರಣಕ್ಕೆ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಆರಿಸಲಾಯಿತು ಎಂಬುದನ್ನು ಜನರಿಗೆ ತಿಳಿಸಬೇಕೆಂದು ಅದು ಎಲ್ಲಿಯೂ ಹೇಳುವುದಿಲ್ಲ. ತಿಳಿಸಬಾರದೆಂದೂ ಹೇಳುವುದಿಲ್ಲ.

ಆ ಮೌನ ಎಷ್ಟು ಗಟ್ಟಿಯಾದುದೆಂದು ಪರೀಕ್ಷಿಸಲು ನಾನು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿದೆ. ಯಾವ ಇಲಾಖೆ, ಯಾವ ಹುದ್ದೆ ಎಂದು ಇಲ್ಲಿ ಹೇಳುವುದು ಬೇಡ; ಈ ಪತ್ರ ಒಂದು ಕಚೇರಿಯ ಮೇಲಿನ ದೂರಾಗುವುದು ನನಗೆ ಇಷ್ಟವಿಲ್ಲ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮೂರು ವಿಷಯ ಕೇಳಿದ್ದೆ: ಅರ್ಜಿದಾರರ ಸಂಖ್ಯೆ, ಆಯ್ಕೆ ಸಮಿತಿ ಸಭೆಯ ನಡವಳಿ, ಶಿಫಾರಸಾದ ಎರಡು ಹೆಸರುಗಳು. ಇಪ್ಪತ್ತೆಂಟನೆಯ ದಿನ ರಿಜಿಸ್ಟರ್ ಅಂಚೆಯಲ್ಲಿ ಉತ್ತರ ಬಂತು. ಮೊದಲ ಪ್ರಶ್ನೆಗೆ "ಮಾಹಿತಿ ಕ್ರೋಡೀಕರಿಸಿಲ್ಲ" ಎಂದೂ ಉಳಿದೆರಡಕ್ಕೆ "ವೈಯಕ್ತಿಕ ಮಾಹಿತಿ ಹಾಗೂ ಗೌಪ್ಯ ನಡವಳಿಯಾದ್ದರಿಂದ ನೀಡಲು ಬರುವುದಿಲ್ಲ" ಎಂದೂ ಬರೆದಿತ್ತು. ಆದರೆ ಸಚಿವ ಸಂಪುಟದ ಮತ್ತು ಕಾರ್ಯದರ್ಶಿಗಳ ಸಮಾಲೋಚನೆಯ ಕಾಗದಗಳಿಗೆ ವಿನಾಯಿತಿ ಕೊಡುವ ಮಾಹಿತಿ ಹಕ್ಕು ಕಾಯ್ದೆಯ 8ನೇ ಸೆಕ್ಷನ್ನೇ, ತೀರ್ಮಾನವಾಗಿ ವಿಷಯ ಮುಗಿದ ಮೇಲೆ ಆ ತೀರ್ಮಾನವನ್ನೂ ಅದರ ಕಾರಣಗಳನ್ನೂ ಬಹಿರಂಗಪಡಿಸಬೇಕು ಎನ್ನುತ್ತದೆ. ಗೌಪ್ಯತೆಗಿಂತ ಸಾರ್ವಜನಿಕ ಹಿತ ದೊಡ್ಡದೆನಿಸಿದರೆ ಯಾವ ಮಾಹಿತಿಯನ್ನಾದರೂ ಕೊಡಬಹುದು ಎನ್ನುತ್ತದೆ. ಇದನ್ನೆಲ್ಲ ಬರೆದು ಮೊದಲ ಮೇಲ್ಮನವಿ ಸಲ್ಲಿಸಿದೆ. ಅದಕ್ಕೂ ಅದೇ ವಾಕ್ಯ ಮರಳಿ ಬಂತು, ಸಹಿ ಮಾತ್ರ ಬೇರೆಯವರದಾಗಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವೈಯಕ್ತಿಕ ಮಾಹಿತಿಯ ವಿನಾಯಿತಿಯನ್ನು ಇನ್ನಷ್ಟು ವಿಸ್ತರಿಸಿರುವುದರಿಂದ ಮುಂದೆ ಕೇಳುವವರ ದಾರಿ ಮತ್ತೂ ಕಿರಿದಾಗಲಿದೆ ಎಂಬ ಆತಂಕ ನನಗಿದೆ.

ಇದನ್ನು ನಮ್ಮ ಹಳ್ಳಿಯ ಒಂದು ನೇಮಕದ ಜೊತೆ ಇಟ್ಟು ನೋಡಬೇಕು. ಅಂಗನವಾಡಿ ಕಾರ್ಯಕರ್ತೆಯ ಹುದ್ದೆಗೆ ಅರ್ಜಿ ಕರೆದಾಗ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯ ನೋಟಿಸ್ ಬೋರ್ಡಿನಲ್ಲಿ ತಾತ್ಕಾಲಿಕ ಆಯ್ಕೆ ಪಟ್ಟಿ ಅಂಟಿಸುತ್ತಾರೆ. ಯಾವ ಕೇಂದ್ರ, ಯಾವ ಮೀಸಲಾತಿ, ಅಭ್ಯರ್ಥಿಯ ಹೆಸರೇನು, ಅಂಕ ಎಷ್ಟು ಎಂದೆಲ್ಲ ಅದರಲ್ಲಿರುತ್ತದೆ. ಆಕ್ಷೇಪಣೆ ಇದ್ದವರು ಇಂತಿಷ್ಟು ದಿನಗಳೊಳಗೆ ದಾಖಲೆ ಸಮೇತ ಸಲ್ಲಿಸಬೇಕು ಎಂದು ಕೆಳಗೆ ಬರೆದಿರುತ್ತದೆ. ನಾನು ಕೆಲಸ ಮಾಡುತ್ತಿದ್ದ ಕಚೇರಿಯ ಆವರಣದಲ್ಲೇ ಆ ಬೋರ್ಡ್ ಇತ್ತು. ಪಟ್ಟಿ ಅಂಟಿಸಿದ ದಿನ ಹೆಣ್ಣುಮಕ್ಕಳು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದು, ಬೆರಳಿಟ್ಟು ಸಾಲು ಸಾಲಾಗಿ ಓದುತ್ತಿದ್ದರು. "ಇವರು ನಮ್ಮೂರಿನವರಲ್ಲ, ವಾಸಸ್ಥಳ ಪ್ರಮಾಣಪತ್ರ ಸರಿಯಿಲ್ಲ" ಎಂದು ಬಿಳಿ ಹಾಳೆಯಲ್ಲಿ ಬರೆದು ಕೊಟ್ಟ ಆಕ್ಷೇಪಣೆಯಿಂದ ಆಯ್ಕೆ ಬದಲಾದದ್ದನ್ನು ನಾನು ಕಂಡಿದ್ದೇನೆ. ಒಂದು ಹಳ್ಳಿಯ ಇಪ್ಪತ್ತು ಮೂವತ್ತು ಮಕ್ಕಳನ್ನು ನೋಡಿಕೊಳ್ಳುವವರ ಆಯ್ಕೆಯಲ್ಲಿ ನಾವು ಇಟ್ಟುಕೊಂಡಿರುವ ಎಚ್ಚರಿಕೆಯನ್ನು, ಇಡೀ ರಾಜ್ಯದ ಮನೆ, ತೋಟ, ಅಂಗಡಿ, ಕಾರ್ಖಾನೆಗಳ ಬಿಲ್ಲನ್ನು ನಿರ್ಧರಿಸುವವರ ಆಯ್ಕೆಯಲ್ಲೂ ಇಟ್ಟುಕೊಳ್ಳಬೇಕೆಂದು ಕೇಳುವುದು ಅತಿಯಾದ ಬೇಡಿಕೆಯೇ?

ಆ ಬಿಲ್ಲಿನ ತೂಕವನ್ನು ನೆನಪಿಸಿಕೊಳ್ಳೋಣ. 2023ರ ಮೇ ತಿಂಗಳಲ್ಲಿ ಆಯೋಗ ಯೂನಿಟ್‌ಗೆ ಸರಾಸರಿ 70 ಪೈಸೆ ಹೆಚ್ಚಿಸಿ ಆದೇಶ ಹೊರಡಿಸಿತು. 2025ರ ಏಪ್ರಿಲ್‌ನಿಂದ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತಿನಲ್ಲಿ ಯೂನಿಟ್‌ಗೆ 36 ಪೈಸೆ ನಮ್ಮ ಬಿಲ್ಲಿಗೆ ಸೇರಿತು. ಈ ಆದೇಶಗಳು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಮೂವರು ಕೂತು ಬರೆಯುವ ಒಂದು ಸಾಲು ಅರಸೀಕೆರೆಯ ಕೊಬ್ಬರಿ ಮಂಡಿಯಿಂದ ಮೂಡಿಗೆರೆಯ ಕಾಫಿ ಕ್ಯೂರಿಂಗ್‌ವರೆಗೆ ಎಲ್ಲರ ಜೇಬಿಗೂ ಕೈಹಾಕುತ್ತದೆ ಎಂಬುದಷ್ಟೇ ನನ್ನ ಮಾತು.

ವಿದ್ಯುತ್ತಿನ ವಿಷಯದಲ್ಲಿ ಇನ್ನೊಂದು ತೊಡಕಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ರಾಜ್ಯದಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಈ ಐದೂ ಸರ್ಕಾರದ ಒಡೆತನದ ಕಂಪನಿಗಳು. ವಿದ್ಯುತ್ ಸಾಗಿಸುವ ಕೆಪಿಟಿಸಿಎಲ್ ಸರ್ಕಾರದ್ದು, ಉತ್ಪಾದಿಸುವ ಕೆಪಿಸಿ ಸರ್ಕಾರದ್ದು. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತಿಗೂ, 2023ರಲ್ಲಿ ಬಂದ ಗೃಹಜ್ಯೋತಿಗೂ ಸಹಾಯಧನ ಕೊಡುವುದು ಸರ್ಕಾರವೇ; ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಆ ಹಣವನ್ನು ಅದು ಮುಂಗಡವಾಗಿ ಕೊಡಬೇಕು, ಕೊಡುತ್ತಿದೆಯೇ ಎಂದು ನೋಡಬೇಕಾದದ್ದು ಆಯೋಗ. ಹಾಗಾದರೆ ಆಯೋಗದ ಮುಂದೆ ಬರುವ ಬಹುಪಾಲು ಪ್ರಕರಣಗಳಲ್ಲಿ ಸರ್ಕಾರವೇ ಒಂದಲ್ಲ ಒಂದು ರೂಪದಲ್ಲಿ ಕಕ್ಷಿದಾರ. ಅದೇ ಸರ್ಕಾರದ ಅತ್ಯುನ್ನತ ಅಧಿಕಾರಿ ಆಯ್ಕೆ ಸಮಿತಿಯ ಸದಸ್ಯರು, ಕೊನೆಗೆ ಎರಡು ಹೆಸರಿನಲ್ಲಿ ಒಂದನ್ನು ಆರಿಸುವುದೂ ಅದೇ ಸರ್ಕಾರ. ಜಮೀನಿನ ತಕರಾರಿನಲ್ಲಿ ಪಂಚಾಯಿತಿ ಸೇರಿಸುವಾಗ ಒಂದು ಕಡೆಯವರೇ ಪಂಚರನ್ನು ಗೊತ್ತುಮಾಡಿಕೊಂಡು ಬಂದರೆ ಇನ್ನೊಂದು ಕಡೆಯವರು ಜಗಲಿ ಹತ್ತುವುದಿಲ್ಲ. ಪಂಚರು ಎಷ್ಟೇ ಸಜ್ಜನರಾಗಿದ್ದರೂ ಅವರ ಮಾತಿಗೆ ಬೆಲೆ ಬರುವುದು ಅವರು ಹೇಗೆ ಬಂದು ಕೂತರೆಂಬುದು ಎರಡೂ ಕಡೆಗೆ ಗೊತ್ತಿದ್ದಾಗ. ದೇಶದೆಲ್ಲೆಡೆ ನಿವೃತ್ತ ಐಎಎಸ್ ಅಧಿಕಾರಿಗಳು ಇಂಥ ಸಂಸ್ಥೆಗಳ ಮುಖ್ಯಸ್ಥರಾಗುವುದು ರೂಢಿಯಾಗಿದೆ. ಅವರಲ್ಲಿ ದಕ್ಷರಿಲ್ಲವೆಂದು ನಾನು ಹೇಳಲಾರೆ. ದಕ್ಷರಾದವರು ಪ್ರಶ್ನೆಗೆ ಅಂಜಬೇಕಿಲ್ಲ. ನಿನ್ನೆಯವರೆಗೆ ಸರ್ಕಾರದ ಪರವಾಗಿ ಕಡತಕ್ಕೆ ಸಹಿ ಮಾಡಿದವರು ನಾಳೆ ಅದೇ ಸರ್ಕಾರದ ಕಂಪನಿಯ ಲೆಕ್ಕವನ್ನು ನಿಷ್ಠುರವಾಗಿ ತಳ್ಳಿಹಾಕಬಲ್ಲರೇ ಎಂಬುದನ್ನು ನೇಮಕಕ್ಕೆ ಮುಂಚೆ ಬಹಿರಂಗವಾಗಿ ಯಾರಾದರೂ ಕೇಳಬೇಕು.

ಆಯೋಗದ ಮೂವರಲ್ಲಿ ಕಾನೂನು ಬಲ್ಲವರೊಬ್ಬರು ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2018ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ತೀರ್ಪು ಕೊಟ್ಟಿತು. ಕಾಯ್ದೆ ಜಾರಿಗೆ ಬಂದು ಹದಿನೈದು ವರ್ಷವಾದ ಮೇಲೆ, ಅದೂ ಗ್ರಾಹಕರ ಸಂಘಟನೆಯೊಂದು ನ್ಯಾಯಾಲಯದ ಮೆಟ್ಟಿಲು ಹತ್ತಿ ಹೋರಾಡಿದ ಮೇಲೆ ಸಿಕ್ಕ ಸ್ಪಷ್ಟನೆ ಅದು.

ಪರಿಸರದ ವಿಷಯದಲ್ಲಿ ಸ್ಥಿತಿ ಇದಕ್ಕಿಂತ ಕಷ್ಟದ್ದು. ಹೇಮಾವತಿ, ಯಗಚಿ, ಭದ್ರೆಯರ ನೀರು ಕುಡಿಯುವ ನಮಗೆ, ಕಾಫಿ ಪಲ್ಪಿಂಗ್ ಕಾಲದಲ್ಲಿ ತೊರೆಯ ನೀರಿಗೆ ಯಾವ ಬಣ್ಣ, ಯಾವ ವಾಸನೆ ಬರುತ್ತದೆಂದು ಕಂಡಿರುವ ನಮಗೆ, ಮಾಲಿನ್ಯ ನಿಯಂತ್ರಣ ಮಂಡಳಿ ದೂರದ ಸಂಸ್ಥೆಯೇನಲ್ಲ. 1974ರ ಜಲ ಮಾಲಿನ್ಯ ಕಾಯ್ದೆಯಡಿ ರಚನೆಯಾಗುವ ರಾಜ್ಯ ಮಂಡಳಿಯ ಅಧ್ಯಕ್ಷರನ್ನು ಸರ್ಕಾರ ನಾಮನಿರ್ದೇಶನ ಮಾಡುತ್ತದೆ. ಪರಿಸರ ಸಂರಕ್ಷಣೆಯಲ್ಲಿ ವಿಶೇಷ ಜ್ಞಾನವೋ ಅನುಭವವೋ ಇರಬೇಕು, ಇಲ್ಲವೇ ಅಂಥ ಸಂಸ್ಥೆಗಳನ್ನು ನಡೆಸಿದ ಅನುಭವವಿರಬೇಕು ಎಂದು ಕಾಯ್ದೆ ಹೇಳಿದರೂ ಅದನ್ನು ತೂಗಿ ನೋಡಲು ಆಯ್ಕೆ ಸಮಿತಿಯನ್ನು ಅದು ಗೊತ್ತುಪಡಿಸಿಲ್ಲ. ಇದರಿಂದಾಗಿ ನಿಗಮ ಮಂಡಳಿಗಳ ಅಧ್ಯಕ್ಷಗಿರಿ ಹಂಚುವ ಪಟ್ಟಿಗೂ ನಿಯಂತ್ರಣ ಸಂಸ್ಥೆಯ ಅಧ್ಯಕ್ಷರ ನೇಮಕಕ್ಕೂ ನಡುವಿನ ಗೆರೆ ಅಳಿಸಿಹೋಗುವ ಅಪಾಯ ಸದಾ ಇದೆ. ನಿಗಮವೆಂದರೆ ಸರ್ಕಾರದ ಕಾರ್ಯಕ್ರಮವನ್ನು ಜಾರಿ ಮಾಡುವ ಕೈ. ಅಲ್ಲಿ ಆಡಳಿತ ಪಕ್ಷ ತನಗೆ ಬೇಕಾದವರನ್ನು ಕೂರಿಸಿದರೆ ಒಪ್ಪಬಹುದು. ನಿಯಂತ್ರಣ ಸಂಸ್ಥೆಯ ಕೆಲಸ ಅಗತ್ಯ ಬಿದ್ದರೆ ಸರ್ಕಾರವನ್ನೂ ಉದ್ಯಮವನ್ನೂ ತಡೆಯುವುದು. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಬರೆಯಬಾರದು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹಲವು ರಾಜ್ಯಗಳ ಮಂಡಳಿಗಳ ಇಂಥ ನೇಮಕಗಳನ್ನು ಪ್ರಶ್ನಿಸಿತು; 2017ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ನ್ಯಾಯಮಂಡಳಿ ತನ್ನ ವ್ಯಾಪ್ತಿ ಮೀರಿದೆಯೆಂದು ಆ ಆದೇಶವನ್ನು ಬದಿಗಿಟ್ಟರೂ, ಅರ್ಹತೆಯ ಬಗ್ಗೆ ಆರು ತಿಂಗಳೊಳಗೆ ನಿಯಮ ರೂಪಿಸುವಂತೆ ಎಲ್ಲ ರಾಜ್ಯಗಳಿಗೆ ಸೂಚಿಸಿತು. 2024ರಲ್ಲಿ ಸಂಸತ್ತು ಜಲ ಕಾಯ್ದೆಗೆ ತಿದ್ದುಪಡಿ ತಂದು, ರಾಜ್ಯ ಮಂಡಳಿಯ ಅಧ್ಯಕ್ಷರನ್ನು ನಾಮನಿರ್ದೇಶನ ಮಾಡುವ ವಿಧಾನವನ್ನು ಕೇಂದ್ರ ಸರ್ಕಾರ ಗೊತ್ತುಪಡಿಸುವಂತೆ ಮಾಡಿದೆ. ರಾಜ್ಯಗಳು ನಿರ್ಣಯ ಅಂಗೀಕರಿಸಿದರೆ ಅದು ಅಲ್ಲಿ ಅನ್ವಯವಾಗುತ್ತದೆ. ಬೆಂಗಳೂರಿನ ಮುಚ್ಚಿದ ಕೋಣೆಯಿಂದ ದೆಹಲಿಯ ಮುಚ್ಚಿದ ಕೋಣೆಗೆ ಕಡತ ಹೋಗುವುದರಿಂದ ಯಗಚಿ ದಡದವರಿಗೆ ಏನು ಲಾಭ ಎಂಬುದು ನನಗೆ ಅರ್ಥವಾಗಿಲ್ಲ.

ಗೌಪ್ಯತೆ ಅನಿವಾರ್ಯ ಎನ್ನುವವರಿಗೆ ನಮ್ಮದೇ ನ್ಯಾಯಾಲಯಗಳ ತೀರ್ಪುಗಳು ಉತ್ತರ ಕೊಟ್ಟಿವೆ. 2011ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್ ಕೇಂದ್ರ ಜಾಗೃತ ಆಯುಕ್ತರ ನೇಮಕವನ್ನು ರದ್ದುಪಡಿಸಿತು. ಆಯ್ಕೆ ಸಮಿತಿಯಲ್ಲಿದ್ದ ವಿರೋಧ ಪಕ್ಷದ ನಾಯಕಿ ಭಿನ್ನಮತ ದಾಖಲಿಸಿದ್ದರೂ ನೇಮಕ ನಡೆದಿತ್ತು. ವ್ಯಕ್ತಿಯ ಪ್ರಾಮಾಣಿಕತೆ ಒಂದನ್ನೇ ನೋಡಿದರೆ ಸಾಲದು, ಆ ನೇಮಕದಿಂದ ಸಂಸ್ಥೆಯ ಪ್ರಾಮಾಣಿಕತೆಗೆ ಏನಾಗುತ್ತದೆಂದೂ ನೋಡಬೇಕು ಎಂದು ನ್ಯಾಯಾಲಯ ಹೇಳಿತು. ಭಿನ್ನಮತ ಇದ್ದವರು ಕಾರಣ ಬರೆಯಬೇಕು, ಅದನ್ನು ಮೀರಿ ಹೋಗುವ ಬಹುಮತದವರೂ ಕಾರಣ ಬರೆಯಬೇಕು ಎಂದಿತು. ನಮ್ಮ ರಾಜ್ಯದ ಉಪಲೋಕಾಯುಕ್ತರ ನೇಮಕವೊಂದು 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋದದ್ದು, 1984ರ ಲೋಕಾಯುಕ್ತ ಕಾಯ್ದೆ ಹೇಳಿದಂತೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯವರೊಂದಿಗೆ ಸಮಾಲೋಚಿಸದೆ ನೇಮಿಸಿದ್ದರಿಂದ. 2019ರ ಫೆಬ್ರವರಿ 15ರ ತೀರ್ಪಿನಲ್ಲಂತೂ, ಮಾಹಿತಿ ಆಯುಕ್ತರ ಆಯ್ಕೆಯಲ್ಲಿ ಪಟ್ಟಿ ಮಾಡಲು ಅನುಸರಿಸಿದ ಮಾನದಂಡವನ್ನೂ ಅಭ್ಯರ್ಥಿಗಳ ಹೆಸರನ್ನೂ ವೆಬ್‌ಸೈಟಿನಲ್ಲಿ ಹಾಕಬೇಕು, ಹುದ್ದೆ ಖಾಲಿಯಾಗುವ ಮುನ್ನವೇ ಪ್ರಕ್ರಿಯೆ ಆರಂಭಿಸಬೇಕು, ಅಧಿಕಾರಿ ವರ್ಗದವರನ್ನೇ ಮತ್ತೆ ಮತ್ತೆ ಆರಿಸಬಾರದು ಎಂಬ ಮಾತುಗಳೆಲ್ಲ ಬಂದಿವೆ. ಮಾಹಿತಿ ಆಯುಕ್ತರಿಗೆ ಅನ್ವಯಿಸಿದ ಈ ಎಚ್ಚರಿಕೆಯನ್ನು ವಿದ್ಯುತ್ ಆಯೋಗಕ್ಕೋ, ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೋ ಅನ್ವಯಿಸಿದರೆ ಯಾವ ಆಡಳಿತವೂ ಕುಸಿದು ಬೀಳುವುದಿಲ್ಲ.

ಹೆಸರು ಹೊರಗೆ ಬಂದರೆ ಯೋಗ್ಯರು ಅರ್ಜಿ ಹಾಕುವುದಿಲ್ಲ, ಆಯ್ಕೆಯಾಗದವರಿಗೆ ಮುಜುಗರವಾಗುತ್ತದೆ ಎಂಬ ವಾದವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಮಾನವಂತರಿಗೆ ಆ ಸಂಕೋಚ ಸಹಜ. ಆದರೆ ಸುಪ್ರೀಂ ಕೋರ್ಟಿನ ಕೊಲಿಜಿಯಂ 2017ರ ಅಕ್ಟೋಬರ್‌ನಿಂದ ತಾನು ಶಿಫಾರಸು ಮಾಡಿದ ಹೆಸರುಗಳನ್ನು, ಸರ್ಕಾರ ಒಪ್ಪುವ ಮುನ್ನವೇ, ವೆಬ್‌ಸೈಟಿನಲ್ಲಿ ಪ್ರಕಟಿಸುತ್ತ ಬಂದಿದೆ. ನ್ಯಾಯಮೂರ್ತಿಗಳಾಗಲು ಹೊರಟವರು ಸಹಿಸಿಕೊಂಡದ್ದನ್ನು ದರ ನಿಗದಿ ಮಾಡುವವರೂ ಸಹಿಸಿಕೊಳ್ಳಬಲ್ಲರು. ಅರ್ಜಿ ಹಾಕಿದ ಎಲ್ಲರ ಹೆಸರೂ ಬೇಡ. ಸಮಿತಿ ಕೊನೆಗೆ ಸೂಚಿಸುವ ಇಬ್ಬರ ಹೆಸರು, ಅವರ ಸೇವಾ ವಿವರ, ಹಿತಾಸಕ್ತಿಯ ಘೋಷಣೆ ಇಷ್ಟು ಸಾಕು.

ನೇಮಕವಾದ ಮೇಲಿನ ಪರಿಶೀಲನೆಯ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ, ಏಕೆಂದರೆ ಪರಿಶೀಲನೆಯೇ ಹೆಚ್ಚಾಗಿ ನಡೆಯುತ್ತಿಲ್ಲ. ಆಯೋಗದ ಲೆಕ್ಕವನ್ನು ಮಹಾಲೇಖಪಾಲರು ಪರಿಶೋಧಿಸುತ್ತಾರೆ. ವಾರ್ಷಿಕ ವರದಿಯನ್ನು ವಿಧಾನಮಂಡಲದ ಮುಂದಿಡಬೇಕೆಂದು 105ನೇ ಸೆಕ್ಷನ್ ಹೇಳುತ್ತದೆ. ವರದಿ "ಸದನದ ಮುಂದಿಡಲಾಯಿತು" ಎಂಬ ಸಾಲಿನೊಂದಿಗೆ ಮಂಡನೆಯಾಗುತ್ತದೆ. ಅಧ್ಯಕ್ಷರನ್ನು ಕರೆಸಿ, ಕಳೆದ ವರ್ಷ ಎಷ್ಟು ಅರ್ಜಿ ಬಾಕಿ ಉಳಿದವು, ಸಹಾಯಧನ ಬಾಕಿ ಇಟ್ಟ ಸರ್ಕಾರಕ್ಕೆ ಏನು ಹೇಳಿದಿರಿ, ವಿದ್ಯುತ್ ಅವಘಡದಲ್ಲಿ ಸತ್ತ ಲೈನ್‌ಮನ್‌ಗಳ ವಿಷಯದಲ್ಲಿ ಕಂಪನಿಗೆ ಯಾವ ನಿರ್ದೇಶನ ಕೊಟ್ಟಿರಿ ಎಂದು ಶಾಸಕರು ಒಂದು ದಿನ ಕೂತು ಕೇಳಿದ ಸುದ್ದಿ ನನ್ನ ಓದಿನಲ್ಲಿ ಬಂದಿಲ್ಲ. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 2024ರಲ್ಲಿ ನಿಯಂತ್ರಣ ಸಂಸ್ಥೆಗಳ ಕಾರ್ಯವೈಖರಿಯನ್ನು ಪರಿಶೀಲಿಸಲು ಹೊರಟಾಗ, ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ಮುಖ್ಯಸ್ಥರು ಬರಲಾಗದೆಂದು ತಿಳಿಸಿದ್ದರಿಂದ ಅಕ್ಟೋಬರ್ 24ರ ಸಭೆಯನ್ನೇ ಮುಂದೂಡಬೇಕಾಯಿತು. ಅದೇ ಬ್ರಿಟನ್ನಿನಲ್ಲಿ 2008ರಿಂದ, ಪ್ರಮುಖ ನಿಯಂತ್ರಣ ಸಂಸ್ಥೆಗಳ ಮುಖ್ಯಸ್ಥರಾಗಿ ಸರ್ಕಾರ ಆರಿಸಿಕೊಂಡವರನ್ನು ನೇಮಕಕ್ಕೆ ಮುನ್ನ ಸಂಸದೀಯ ಸಮಿತಿ ಬಹಿರಂಗವಾಗಿ ಪ್ರಶ್ನಿಸುತ್ತದೆ. ಸಮಿತಿಯ ಅಭಿಪ್ರಾಯವನ್ನು ಸರ್ಕಾರ ಒಪ್ಪಲೇಬೇಕೆಂದಿಲ್ಲ, ಆದರೆ ಪ್ರಶ್ನೆಯೂ ಉತ್ತರವೂ ದಾಖಲೆಯಲ್ಲಿ ಉಳಿಯುತ್ತವೆ. ಶಾಸಕರ ಕೈಗೆ ಕೊಟ್ಟರೆ ಎಲ್ಲವೂ ರಾಜಕೀಯವಾಗುತ್ತದೆ ಎಂದು ಹೆದರುವವರಿಗೆ ಈ ಮಾದರಿಯಲ್ಲಿ ಸಮಾಧಾನವಿದೆ. ಆಯೋಗ ಕೊಡುವ ಆದೇಶದಲ್ಲಿ ಶಾಸಕರು ಕೈಯಾಡಿಸಬಾರದು. ಅದಕ್ಕೆ ಮೇಲ್ಮನವಿ ನ್ಯಾಯಮಂಡಳಿ ಇದೆ. ಆಯೋಗ ನಡೆದುಕೊಂಡ ರೀತಿಯನ್ನು ಕೇಳುವ ಹಕ್ಕು ಮಾತ್ರ ಅವರಿಗೆ ಇದ್ದೇ ಇದೆ.

ಹಾಸನ ಜಿಲ್ಲೆಯ ಏಳು, ಚಿಕ್ಕಮಗಳೂರು ಜಿಲ್ಲೆಯ ಐದು, ಒಟ್ಟು 12 ಶಾಸಕರಲ್ಲಿ ಈ ಪತ್ರದ ಮೂಲಕ ನನ್ನ ವಿನಂತಿ ಇಷ್ಟು. ಇದಕ್ಕೆ ಕೇಂದ್ರದ ಕಾಯ್ದೆ ತಿದ್ದುವವರೆಗೆ ಕಾಯಬೇಕಿಲ್ಲ. ಸಮಿತಿ ಸೂಚಿಸಿದ ಎರಡು ಹೆಸರನ್ನು ಪ್ರಕಟಿಸಿ 21 ದಿನ ಆಕ್ಷೇಪಣೆ ಕೇಳುತ್ತೇವೆ, ಬಂದ ಆಕ್ಷೇಪಣೆಗಳನ್ನು ಇಟ್ಟುಕೊಂಡು ಎರಡೂ ಸದನಗಳ, ಎಲ್ಲ ಪಕ್ಷಗಳ ಸಣ್ಣ ಸಮಿತಿಯೊಂದು ಆ ಇಬ್ಬರೊಂದಿಗೆ ಬಹಿರಂಗವಾಗಿ ಮಾತನಾಡುತ್ತದೆ, ಅಂತಿಮ ಆಯ್ಕೆಯ ಕಾರಣವನ್ನು ಆದೇಶದಲ್ಲೇ ಬರೆಯುತ್ತೇವೆ ಎಂದು ರಾಜ್ಯ ಸರ್ಕಾರ ತನ್ನಷ್ಟಕ್ಕೆ ಒಂದು ಆದೇಶ ಹೊರಡಿಸಬಹುದು. ಕಾಯ್ದೆಯೇ ಆರು ತಿಂಗಳ ಸಮಯ ಕೊಟ್ಟಿರುವಾಗ 21 ದಿನಕ್ಕೆ ಜಾಗವಿದೆ. ವಿಧಾನಸಭೆಯ ಅರ್ಜಿಗಳ ಸಮಿತಿಗೆ ಈ ಬಗ್ಗೆ ಒಂದು ಮನವಿ ಸಿದ್ಧಪಡಿಸುತ್ತಿದ್ದೇನೆ. ಅರೇಹಳ್ಳಿಯ ಬೆಳೆಗಾರರು, ಹಾಸನದ ಸಣ್ಣ ಕೈಗಾರಿಕೆಯವರು ಕೆಲವರು ಸಹಿ ಹಾಕಿದ್ದಾರೆ. ಅಂದು ಬಸ್ಸಿನಲ್ಲಿ ಸಿಕ್ಕ ರೈತರ ಊರು ಕೇಳಿಟ್ಟುಕೊಳ್ಳದೆ ಹೋದದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ; ಮೊದಲ ಸಹಿ ಅವರದಾಗಬೇಕಿತ್ತು.

ತಮ್ಮಲ್ಲೂ ಒಂದು ಕೋರಿಕೆ. ಮುಂದಿನ ಬಾರಿ ಯಾವುದೇ ನಿಯಂತ್ರಣ ಸಂಸ್ಥೆಯ ಮುಖ್ಯಸ್ಥರ ಆಯ್ಕೆ ಸಮಿತಿ ರಚನೆಯಾದ ಆದೇಶ ಹೊರಬಿದ್ದಾಗ ಅದನ್ನು ದಯವಿಟ್ಟು ನಮ್ಮ ಜಿಲ್ಲಾ ಪುಟದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಪ್ರಕಟಿಸಬೇಕು. ಪ್ರಮಾಣವಚನದ ಫೋಟೊ ಬರುವುದಕ್ಕೆ ಮುಂಚೆ ಸಮಿತಿಗೆ ಪತ್ರ ಬರೆಯಲು ನಮಗೆ ಅಷ್ಟು ತಿಳಿದರೆ ಸಾಕು.

ತಮ್ಮ ವಿಶ್ವಾಸಿ,
ನಿವೃತ್ತ ಲೆಕ್ಕಪತ್ರ ನೌಕರ, ಹಾಸನ